ಸೆರಗು ಬೇರೆ, ಒಡಲು ಬೇರೆ

ಬನಹಟ್ಟಿ,
ಶ್ರಾವಣ ಸೋಮವಾರ

ಮುಧೋಳದ ಮಾಸ್ತರರೆ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು, ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಓಣಿಯ ಕತೆ ನಿಮಗೆ ಗೊತ್ತಲ್ಲ. ಕರೆಂಟ್ ಇದ್ದರೆ ಮಗ್ಗದ ಸದ್ದಿಗೆ ತಲೆ ಓಡುವುದಿಲ್ಲ, ಮಗ್ಗ ನಿಂತಿತು ಅಂದರೆ ಕರೆಂಟ್ ಹೋಗಿದೆ ಎಂದೇ ಅರ್ಥ, ಕಂಪ್ಯೂಟರೂ ಇಲ್ಲ. ಕಡೆಗೆ ಪೆನ್ನು ಹಿಡಿದು ಕಟ್ಟೆಯ ಮೇಲೆ ಕೂತಿದ್ದೇನೆ.

ನಿಮ್ಮ ಶಾಲೆಯ ಆ ಬೀಳಗಿ ಕಡೆಯ ಹುಡುಗನ ವಿಷಯ ಓದಿ ನಗು ಬಂತು. ಮೊಬೈಲಿನ ಮುಖವನ್ನು ವಾರಕ್ಕೊಮ್ಮೆ ಬದಲಿಸುತ್ತಾನೆ, ಗುಂಡಿಗಳಿಗೆಲ್ಲ ತಾನೇ ಚಿತ್ರ ಬರೆದು ಅಂಟಿಸುತ್ತಾನೆ, ಕೇಳಿದರೆ ‘ಸ್ಕಿನ್ ಮಾಡಾಕತ್ತೀನ್ರಿ ಸರ್’ ಅನ್ನುತ್ತಾನೆ ಅಂತ ಬರೆದಿದ್ದೀರಿ. ಇದು ಹುಚ್ಚಾಟವೋ, ಕಲಿಯಬಹುದಾದ ಕೆಲಸವೋ ಎಂಬುದು ನಿಮ್ಮ ಪ್ರಶ್ನೆ. ಕೆಲಸವೇ ಮಾಸ್ತರರೆ. ನಾನೂ ಅದೇ ಹುಚ್ಚಿನಿಂದ ಶುರುಮಾಡಿದವನು.

ಮೊದಲು ಹೆಸರಿನ ಪಂಚಾಯತಿ ಮುಗಿಸೋಣ. ತಂತ್ರಾಂಶ ಒಳಗೆ ಮಾಡುವ ಕೆಲಸವನ್ನು ಮುಟ್ಟದೆ, ನಮ್ಮ ಕಣ್ಣಿಗೆ ಕಾಣುವ ಅದರ ಮುಖವನ್ನಷ್ಟೆ ಬದಲಿಸಿದರೆ ಅದು ಸ್ಕಿನ್. ಬಣ್ಣ ಬೇರೆ, ಗುಂಡಿಗಳ ಆಕಾರ ಬೇರೆ, ಅಂಚು ಬೇರೆ. ಚರ್ಮ ಅಂದರೆ ದವಾಖಾನೆಯ ಬೋರ್ಡು ನೆನಪಾಗುತ್ತದೆ. ತೊಗಲು ಅಂದರೆ ತೊಗಲುಗೊಂಬೆ. ವೇಷ ಅನ್ನಬಹುದಿತ್ತು, ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರಿಗೆ ಆ ಮಾತು ಸಲೀಸು. ನಿಮ್ಮೂರ ರನ್ನನನ್ನೇ ನೋಡಿ, ಭೀಮನ ಕತೆ ಹೇಳುತ್ತಲೇ ತನ್ನ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಅದರಲ್ಲಿ ನಿಲ್ಲಿಸಿದ. ಒಳಗಿನ ಕತೆ ವ್ಯಾಸನದು, ಮುಖ ಚಾಳುಕ್ಯರದು. (ಇದನ್ನು ಕನ್ನಡ ಪ್ರಾಧ್ಯಾಪಕರ ಮುಂದೆ ಹೇಳಬೇಡಿ, ನನ್ನನ್ನು ಹುಡುಕಿಕೊಂಡು ಬಂದಾರು.) ಆದರೂ ಹುಡುಗ ಸ್ಕಿನ್ ಅನ್ನುತ್ತಾನೆ, ನಾವೂ ಸ್ಕಿನ್ ಅನ್ನೋಣ.

ನನ್ನ ಹುಚ್ಚು ಹತ್ತಿದ್ದು ಜಮಖಂಡಿಯಲ್ಲಿ, ತಾಸಿಗೆ ಇಷ್ಟೆಂದು ಕೊಟ್ಟು ಕೂಡುವ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಆಗ ಹಾಡು ಕೇಳುವುದೆಂದರೆ ವಿನ್‌ಆಂಪ್. ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಮತ್ತು ಡಿಮಿಟ್ರಿ ಬೋಲ್ಡಿರೆವ್ ಎಂಬಿಬ್ಬರು ಹುಡುಗರು 1997ರಲ್ಲಿ ಹೊರತಂದದ್ದು. ಮುಂದೆ ಒಂದೆರಡು ವರ್ಷದೊಳಗೇ ಅದರ ಮುಖವನ್ನು ಯಾರು ಬೇಕಾದರೂ ಬದಲಿಸಬಹುದು ಎಂದಾಯಿತು. ಜಗತ್ತಿನ ಹುಡುಗರೆಲ್ಲ ಮುಗಿಬಿದ್ದರು. ಆ ಕಾಲದ ಸ್ಕಿನ್‌ಗಳನ್ನು ಜೋರ್ಡನ್ ಎಲ್ಡ್ರೆಜ್ ಎಂಬವರು ಒಂದೆಡೆ ಕೂಡಿಹಾಕಿ ವಸ್ತುಸಂಗ್ರಹಾಲಯವನ್ನೇ ಮಾಡಿದ್ದಾರೆ. 60 ಸಾವಿರಕ್ಕೂ ಹೆಚ್ಚಿವೆ. ಹುಡುಗನಿಗೆ ತೋರಿಸಿ, ಆದರೆ ಪರೀಕ್ಷೆ ಮುಗಿದ ಮೇಲೆ.

ವಿನ್‌ಆಂಪ್ ಸ್ಕಿನ್ನಿನ ಹೊಟ್ಟೆ ಬಗೆದರೆ ಒಳಗೆ ಯಾವ ಮಾಯೆಯೂ ಇಲ್ಲ. ಒಂದಿಷ್ಟು ಚಿತ್ರ, ಎರಡು ಮೂರು ಪಠ್ಯದ ಕಡತ, ಎಲ್ಲವನ್ನೂ ಕಟ್ಟಿದ ಒಂದು ಜಿಪ್ ಗಂಟು, ಅಷ್ಟೆ. ಗಂಟಿನ ಬಾಲದ ಹೆಸರು ಮಾತ್ರ ಬೇರೆ. ಮುಖ್ಯ ಕಿಟಕಿಯ ಚಿತ್ರ ಅಡ್ಡಕ್ಕೆ 275 ಚುಕ್ಕಿ (ಪಿಕ್ಸೆಲ್), ಉದ್ದಕ್ಕೆ 116. ಗುಂಡಿಗಳದು ಇನ್ನೊಂದು ಚಿತ್ರ. ಅದರಲ್ಲಿ ಪ್ರತಿ ಗುಂಡಿಗೂ ಎರಡು ರೂಪ, ಸುಮ್ಮನಿದ್ದಾಗಿನದು ಒಂದು, ಒತ್ತಿದಾಗಿನದು ಒಂದು. ಒತ್ತಿದ ರೂಪದಲ್ಲಿ ನೆರಳನ್ನು ಕೆಳಗಿನಿಂದ ಮೇಲಕ್ಕೆ ತಿರುವಿ ಬರೆದರೆ ಗುಂಡಿ ಒಳಗೆ ಹೋದಂತೆ ಕಾಣುತ್ತದೆ. ಅಲ್ಲಿ ಏನೂ ಒಳಗೆ ಹೋಗಿರುವುದಿಲ್ಲ, ಒಂದು ಚಿತ್ರ ಸರಿದು ಇನ್ನೊಂದು ಬಂದಿರುತ್ತದೆ. ಧ್ವನಿ ಏರಿಸುವ ಪಟ್ಟಿಗೆ ಒಂದರ ಕೆಳಗೊಂದು 28 ಚಿತ್ರ ಬರೆಯಬೇಕು. ಹಾಡಿನ ಜತೆ ಕುಣಿಯುವ ಗೆರೆಗಳಿಗೆ 24 ಸಾಲುಗಳಲ್ಲಿ ಬಣ್ಣದ ಅಂಕಿ ತುಂಬಬೇಕು.

ನಾನು ಮೊದಲ ಸ್ಕಿನ್ ಬರೆದದ್ದು ಕಂಪ್ಯೂಟರಿನಲ್ಲಿ ಅಲ್ಲ. ತಾಸಿನ ರೊಕ್ಕ ಉಳಿಸಲು ಮನೆಯಲ್ಲೇ ಚೌಕದ ಹಾಳೆಯ ಮೇಲೆ ಬರೆದೆ. ನಮ್ಮ ಮನೆಯಲ್ಲಿ ಆ ಹಾಳೆಗೆ ಬರವಿರಲಿಲ್ಲ. ಕಾಕಾ ಸೀರೆಯ ದಡಿಗೆ ನಕ್ಷೆ ಬರೆಯುತ್ತಿದ್ದುದು ಅದರ ಮೇಲೇ. ಒಂದು ಚೌಕ ಅಂದರೆ ಒಂದು ಎಳೆ ಏಳಬೇಕೋ ಮಲಗಬೇಕೋ ಎಂಬ ಹುಕುಂ. ಚೌಕ ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ, ರಟ್ಟುಗಳನ್ನು ಸರದಂತೆ ಹೊಲಿದು ಮಗ್ಗದ ಜಕಾರ್ಡ್ ಯಂತ್ರಕ್ಕೆ ಏರಿಸುತ್ತಾರೆ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ, ನಡುವೆ ಲಾಳಿ ಹಾಯುತ್ತದೆ. ಆ ಯಂತ್ರಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಜಕಾರ್ಡನ ಮುಖವನ್ನೇ 1839ರಲ್ಲಿ ಲಿಯಾನ್ ಊರಿನಲ್ಲಿ ರೇಷ್ಮೆಯಲ್ಲಿ ನೇಯ್ದರು, 24 ಸಾವಿರ ರಟ್ಟು ಹಿಡಿಯಿತಂತೆ. ಅದರ ಒಂದು ಪ್ರತಿಯನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ, ತಾನು ಕಟ್ಟಬೇಕೆಂದಿದ್ದ ಲೆಕ್ಕದ ಯಂತ್ರಕ್ಕೂ ಅದೇ ತೂತಿನ ರಟ್ಟು ಸಾಕು ಎಂದುಕೊಂಡಿದ್ದ. ಇದು ಕಾಕಾನಿಗೆ ಗೊತ್ತಿರಲಿಲ್ಲ. ನನ್ನ ಹಾಳೆ ನೋಡಿದವನೇ, ‘ಇದ್ಯಾವ ದಡಿನೋ, ಒಂದೂ ಕೂಡಾಂಗಿಲ್ಲಲ್ಲ’ ಅಂದ. ದಡಿಯ ನಕ್ಷೆ ಮುಗಿದಲ್ಲಿಂದ ಮತ್ತೆ ಶುರುವಾಗಬೇಕು, ಕೂಡುಗೆರೆ ಕಾಣಬಾರದು. ನನ್ನದರಲ್ಲಿ ಎಡದ ಅಂಚೂ ಬಲದ ಅಂಚೂ ಒಂದಕ್ಕೊಂದು ಸಂಬಂಧವಿಲ್ಲದಂತಿದ್ದವು. ಅವನ ಮಾತು ಸ್ಕಿನ್ನಿಗೂ ಹೊಂದುತ್ತದೆ ಎಂದು ತಿಳಿದದ್ದು ಕಿಟಕಿ ಹಿಗ್ಗಿದಾಗ. ಹಿಗ್ಗುವ ಕಿಟಕಿಯ ಅಂಚಿಗೆ ಒಂದು ತುಣುಕು ಚಿತ್ರವನ್ನೇ ಮತ್ತೆ ಮತ್ತೆ ಜೋಡಿಸುತ್ತಾ ಹೋಗುತ್ತಾರೆ.

ಆಯಿಯ ಟೀಕೆ ಇನ್ನೂ ಸೂಕ್ಷ್ಮವಾಗಿತ್ತು. ಅವಳು ಕಸೂತಿ ಹಾಕುವವಳು, ಬಟ್ಟೆಯ ಮೇಲೆ ಗೆರೆ ಎಳೆಯದೆ ಎಳೆ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆ ಮೂಡಿಸುವವಳು. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆ ಅವಳ ಬೆರಳ ತುದಿಯಲ್ಲಿದ್ದವು. ನಾನು ದುಂಡಗಿನ ಗುಂಡಿ ಬರೆಯಲು ಹೋಗಿ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ ಎಂದು ಗೊಣಗುತ್ತಿದ್ದೆ. ‘ಚೌಕದಾಗ ದುಂಡಗ ಎಲ್ಲಿಂದ ಬರಬೇಕಪಾ, ಮುರಗಿ ಮುರಗಿನ ಇರ್ತದ, ಮೆಟ್ಟಲಾ ಒಂದ ಅಳತ್ಯಾಗ ಇಡು, ಚಂದ ಕಾಣ್ತದ’ ಅಂದಳು. ಚುಕ್ಕಿಚಿತ್ರ ಬರೆಯುವವರು ಇವತ್ತಿಗೂ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಅದೇ: ಓರೆ ಗೆರೆಯ ಮೆಟ್ಟಿಲುಗಳು ಒಂದೇ ಅಳತೆಯಲ್ಲಿ ಇರಬೇಕು.

ಈಗ ನನ್ನ ಪರಾಕ್ರಮದ ಭಾಗ. ಹಾಡು ಎಷ್ಟು ನಿಮಿಷ ಓಡಿತು ಎಂದು ತೋರಿಸುವ ಅಂಕಿಗಳಿಗೂ ವಿನ್‌ಆಂಪಿನಲ್ಲಿ ಒಂದು ಚಿತ್ರವಿದೆ. ಸೊನ್ನೆಯಿಂದ ಒಂಬತ್ತರವರೆಗೆ ಸಾಲಾಗಿ, ಒಂದೊಂದು ಅಂಕಿಗೆ 9 ಚುಕ್ಕಿ ಅಗಲ, 13 ಚುಕ್ಕಿ ಎತ್ತರ. ಮೂರು ಬೇಕಾದಾಗ ತಂತ್ರಾಂಶ ಮೂರನ್ನು ಬರೆಯುವುದಿಲ್ಲ, ಸೊನ್ನೆಯ ನಂತರದ ಮೂರನೇ ಮನೆಯ ಚಿತ್ರವನ್ನು ಕತ್ತರಿಸಿ ತಂದು ಇಡುತ್ತದೆ. ಆ ಮನೆಯಲ್ಲಿ ಏನು ಬರೆದಿದೆ ಎಂದು ಅದು ನೋಡುವುದೇ ಇಲ್ಲ. ನಾನು ಹತ್ತು ಮನೆಯಲ್ಲೂ ಕನ್ನಡ ಅಂಕಿ ಬರೆದೆ. ೬ಕ್ಕೂ ೯ಕ್ಕೂ ವ್ಯತ್ಯಾಸ ಕಾಣಿಸಲು ಎರಡು ಸಂಜೆ ಹಿಡಿಯಿತು. ಅಂಗಡಿಗೆ ಹೋಗಿ ಹಾಕಿದೆ. ರಾಜಕುಮಾರರ ಹಾಡು ಶುರುವಾಯಿತು, ಪರದೆಯ ಮೇಲೆ ೦೦:೦೧, ೦೦:೦೨ ಎಂದು ಕನ್ನಡ ಓಡತೊಡಗಿತು. ಅಂಗಡಿಯಲ್ಲಿ ಕೂತಿದ್ದ ಹುಡುಗರೆಲ್ಲ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಮಾಸ್ತರರೆ, ಆಮೇಲೆ ರೊಕ್ಕ ಬರುವ ಕೆಲಸ ಎಷ್ಟೋ ಮಾಡಿದೆ, ಆವತ್ತಿನಷ್ಟು ಸಂತೋಷ ಯಾವುದರಲ್ಲೂ ಆಗಲಿಲ್ಲ.

ಸಂತೋಷ ಎರಡು ದಿನ ಇತ್ತು. ಅಂಕಿ ಕನ್ನಡವಾಯಿತು, ಹಾಡಿನ ಹೆಸರೂ ಕನ್ನಡದಲ್ಲಿ ಬರಲಿ ಎಂದು ಅಕ್ಷರಗಳ ಚಿತ್ರ ತೆಗೆದೆ. ಒಂದೊಂದು ಅಕ್ಷರಕ್ಕೆ 5 ಚುಕ್ಕಿ ಅಗಲ, 6 ಚುಕ್ಕಿ ಎತ್ತರ. ಇಂಗ್ಲಿಷಿನ 26, ಅಂಕಿ, ಒಂದಿಷ್ಟು ಚಿಹ್ನೆ, ಸ್ವೀಡನ್ನಿನವರಿಗೆ ಬೇಕಾದ ಮೂರು ಅಕ್ಷರ, ಅಲ್ಲಿಗೆ ಮನೆಗಳು ಮುಗಿದವು. ಕಾಗುಣಿತಕ್ಕೆ ಜಾಗವಿಲ್ಲ, ಒತ್ತಿಗಂತೂ ಇಲ್ಲವೇ ಇಲ್ಲ. ಐದು ಚೌಕ ಅಗಲ, ಆರು ಚೌಕ ಎತ್ತರದಲ್ಲಿ ‘ಸ್ತ್ರೀ’ ಬರೆಯಿರಿ ನೋಡೋಣ! ಬರೆದರೂ ಏನು ಬಂತು, ತಂತ್ರಾಂಶಕ್ಕೆ ‘ಸ್ತ್ರೀ’ ಎಂಬ ಅಕ್ಷರ ಇದೆ ಎಂಬುದೇ ಗೊತ್ತಿಲ್ಲವಲ್ಲ. ಅಂಕಿಯಲ್ಲಿ ನಾನು ಗೆದ್ದದ್ದು ಕನ್ನಡದ ಅಂಕಿಯೂ ಹತ್ತೇ, ಇಂಗ್ಲಿಷಿನದೂ ಹತ್ತೇ ಆಗಿದ್ದರಿಂದ. ಅಕ್ಷರದಲ್ಲಿ ಆ ಮೋಸ ನಡೆಯಲಿಲ್ಲ.

ನಮ್ಮ ಕನ್ನಡ ವರ್ಷಗಟ್ಟಲೆ ಕಂಪ್ಯೂಟರಿನಲ್ಲಿ ಬದುಕಿದ್ದು ಇಂಥ ಮೋಸದಿಂದಲೇ ಎಂದು ಆಗ ಹೊಳೆಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನೆಲ್ಲ ತುಂಬಿತು. ಅವೆರಡರ ಉಪಕಾರ ಸಣ್ಣದಲ್ಲ, ನನ್ನ ಮೊದಲ ಕನ್ನಡ ಪತ್ರ ಟೈಪಾದದ್ದೂ ನುಡಿಯಲ್ಲೇ. ಆದರೆ ಆ ಹಳೆಯ ಫಾಂಟುಗಳ ಒಳಗುಟ್ಟು ನಿಮಗೂ ಗೊತ್ತಿದ್ದದ್ದೇ. ಅಡಿಯಲ್ಲಿ ಕೂತದ್ದು ಇಂಗ್ಲಿಷ್ ಕಡೆಯ ಚಿಹ್ನೆಗಳು, ಕಣ್ಣಿಗೆ ಕಾಣುವುದು ಅವುಗಳ ಮೇಲೆ ಹೊದಿಸಿದ ಕನ್ನಡದ ಚೂರುಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಹೊದಿಕೆ ಜಾರಿ, ಯಾವ ದೇಶದ್ದೂ ಅಲ್ಲದ ಭಾಷೆ ಕಾಣುತ್ತಿತ್ತು. ನಿಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪದ ಹುಡುಕಲು ಹೋಗಿ ಸಿಗದೆ ಬಿಟ್ಟದ್ದನ್ನು ನೀವೇ ಹಿಂದೊಮ್ಮೆ ಬರೆದಿದ್ದಿರಿ. ಸಿಗದಿದ್ದದ್ದು ಇದಕ್ಕೇ: ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅಲ್ಲ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಮನೆಗಳನ್ನು ಕೊಟ್ಟಿತ್ತು. ಆದರೆ ಸಾಮಾನ್ಯರ ಕಂಪ್ಯೂಟರಿಗೆ ಅದು ಇಳಿಯಲು 2001ರ ವಿಂಡೋಸ್ ಎಕ್ಸ್‌ಪಿ, ಅದರ ಜತೆಗಿನ ತುಂಗಾ ಫಾಂಟ್ ಬರಬೇಕಾಯಿತು. ನುಡಿ, ಬರಹಗಳೂ ಮುಂದೆ ಯೂನಿಕೋಡಿಗೆ ಬಂದವು. ಫ್ಲೆಕ್ಸ್ ಬೋರ್ಡಿನ ಅಂಗಡಿಗಳಲ್ಲಿ ಮಾತ್ರ ಹಳೆಯ ಹೊದಿಕೆ ಇನ್ನೂ ಒಣಗುತ್ತಿದೆ.

ಸ್ಕಿನ್ ಮಾಡುವವನು ಕಲಿಯಬೇಕಾದ ಮುಖ್ಯ ಸಂಗತಿ ಇದರಲ್ಲಿದೆ, ಅದನ್ನು ಹೇಳಲು ಇಳಕಲ್ಲಿಗೆ ಹೋಗಬೇಕು. ನಮ್ಮ ಜಿಲ್ಲೆಯದೇ ಸೀರೆ, ನಿಮ್ಮ ಮನೆಯಲ್ಲೂ ನಾಲ್ಕಾರು ಇರುತ್ತವೆ. ಅದರ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು. ಒಡಲಿನ ಎಳೆಯ ತುದಿಗೆ ಸೆರಗಿನ ಎಳೆಯ ಕುಣಿಕೆ ಹಾಕಿ, ಎಳೆ ಎಳೆಯನ್ನೂ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ಇರುವುದರಿಂದಲೇ ಒಡಲು ಯಾವ ಬಣ್ಣದ್ದಾದರೂ ಟೋಪಿತೆನಿ ಎಂಬ ನಕ್ಷೆಯ ಆ ಕೆಂಪು ಸೆರಗು ಅದಕ್ಕೆ ಬಂದು ಕೂಡುತ್ತದೆ. ತಂತ್ರಾಂಶವೂ ಹಾಗೇ. ಬರೆದವನು ಎಲ್ಲಿ ಕೊಂಡಿ ಬಿಟ್ಟಿದ್ದಾನೋ ಅಲ್ಲಿಯವರೆಗೆ ಮಾತ್ರ ನಮ್ಮ ಸೆರಗು. ಫ್ರಾಂಕೆಲ್ ಅಂಕಿಯ ಚಿತ್ರಕ್ಕೆ ಕೊಂಡಿ ಬಿಟ್ಟಿದ್ದ, ನಾನು ಕನ್ನಡ ಕೂಡಿಸಿದೆ. ಅಕ್ಷರದ ಕೆಲಸ ಒಡಲಿನದು, ಅದನ್ನು ಸೆರಗಿನಿಂದ ಮಾಡಿಸಲು ಹೋಗಿ ಬಿದ್ದೆ.

ಕೊಂಡಿ ಚೆನ್ನಾಗಿದ್ದರೆ ಏನಾಗುತ್ತದೆ ಎಂದು ಕೆನಡಾದ ಡೇವ್ ಶೇ 2003ರಲ್ಲಿ ತೋರಿಸಿದರು. ಜಾಲಪುಟದ ಬರಹ ಒಂದೇ, ಚೌಕಟ್ಟು ಒಂದೇ, ಅದಕ್ಕೆ ರೂಪ ಉಡಿಸುವ ಸಿಎಸ್‌ಎಸ್ ಕಡತ ಮಾತ್ರ ಬೇರೆ ಬೇರೆ. ಸಿಎಸ್‌ಎಸ್ ಝೆನ್ ಗಾರ್ಡನ್ ಎಂದು ಹೆಸರು. ಮೂಲದ ಒಂದು ಅಕ್ಷರವನ್ನೂ ಮುಟ್ಟದೆ ಜಗತ್ತಿನ ಕಲಾವಿದರು ಅದಕ್ಕೆ ನೂರಾರು ಸೀರೆ ಉಡಿಸಿದರು.

ನನ್ನ ಸೋಲಿನ ಕತೆಯನ್ನೂ ಕೇಳಿ. ಜಮಖಂಡಿಯ ಒಂದು ಸೀರೆ ಅಂಗಡಿಯವರು ತಮ್ಮ ಬಿಲ್ಲಿನ ತಂತ್ರಾಂಶಕ್ಕೆ ‘ನಮ್ಮ ಅಂಗಡಿದಂಗ ಕಾಣೂ ಹಂತಾ’ ಸ್ಕಿನ್ ಬೇಕು ಅಂದರು. ನಾನು ಉಮೇದಿನಿಂದ ಪರದೆಯ ತುಂಬ ಟೋಪಿತೆನಿ ಹರಡಿದೆ, ಕೆಂಪು ಬಿಳಿ ಕೆಂಪು ಬಿಳಿ, ಅದರ ಮೇಲೆ ಬಿಲ್ಲು. ಗಲ್ಲಾದ ಮೇಲಿದ್ದ ಹಿರಿಯ ಗುಮಾಸ್ತರು ಕನ್ನಡಕ ಏರಿಸಿ ಇಳಿಸಿ ನೋಡಿದರು. ‘ಸೀರಿ ಮ್ಯಾಲ ಲೆಕ್ಕಾ ಬರದಂಗ ಆತಲ್ರಿ’ ಅಂದರು. ಇಳಕಲ್ ಸೀರೆ ನೇಯುವವನು ಒಡಲನ್ನು ಸಾದಾ ಇಟ್ಟು, ಇಲ್ಲವೇ ಸಣ್ಣ ಚೌಕಳಿ ಮಾಡಿ, ತನ್ನ ಕೈಚಳಕವನ್ನೆಲ್ಲ ದಡಿ ಮತ್ತು ಸೆರಗಿಗೆ ಮೀಸಲಿಡುತ್ತಾನೆ. ನೇಕಾರರ ಮನೆಯಲ್ಲಿ ಹುಟ್ಟಿಯೂ ನನಗದು ಕಂಡಿರಲಿಲ್ಲ. ನಕ್ಷೆಯನ್ನು ನಾಲ್ಕು ಅಂಚಿಗೆ ಸರಿಸಿ ನಡುವನ್ನು ಖಾಲಿ ಬಿಟ್ಟೆ. ಅಕ್ಷರದ ಬಣ್ಣಕ್ಕೂ ಹಿಂಬದಿಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಬೇಕೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಾನದನ್ನು ಓದಿದ್ದು ಗುಮಾಸ್ತರಿಂದ ಬೈಸಿಕೊಂಡ ಮೇಲೆ.

ಎರಡನೇ ತಕರಾರು ಇನ್ನೂ ಸೊಗಸಾಗಿತ್ತು. ಬಿಲ್ಲಿನ ಕೊನೆಯ ಗುಂಡಿಯ ಮೇಲೆ ನಾನು ಕನ್ನಡದಲ್ಲಿ ‘ಒಟ್ಟು’ ಎಂದು ಹಾಕಿದ್ದೆ. ಪರದೆಯಲ್ಲಿ ಕಂಡದ್ದು ‘ಒಟು’. ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿದ್ದರಿಂದ ಒತ್ತು ಕೆಳಗೆ ಕತ್ತರಿಸಿ ಹೋಗಿತ್ತು. ಬಣ್ಣಕ್ಕೆ ಕೊಂಡಿ ಇತ್ತು, ಎತ್ತರಕ್ಕೆ ಇರಲಿಲ್ಲ. ತಂತ್ರಾಂಶ ಮಾಡಿದವರಿಗೆ ಬರೆದೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಆ ಆವೃತ್ತಿ ಬರುವಷ್ಟರಲ್ಲಿ ಗುಮಾಸ್ತರು ಕೆಲಸ ಬಿಟ್ಟು ಮನೆ ಸೇರಿದ್ದರು. ಅಲ್ಲಿಯವರೆಗೆ ಅಕ್ಷರದ ಗಾತ್ರ ಕುಗ್ಗಿಸಿ ಹೇಗೋ ದಿನ ದೂಡಿದೆವು. ಕನ್ನಡಕ್ಕೆ ಸ್ಕಿನ್ ಮಾಡುವವನು ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ‘ಸ್ತ್ರೀ’, ‘ಒಟ್ಟು’, ‘ರಾಷ್ಟ್ರ’ ಇಂಥ ಪದಗಳು ತಲೆ ಕಾಲು ಕತ್ತರಿಸಿಕೊಳ್ಳದೆ ಕೂಡುತ್ತವೋ ಎಂಬುದನ್ನು.

ಸ್ಕಿನ್ ಹಾಕುವವರ ಮೇಲೆ ತಂತ್ರಾಂಶ ಬರೆದವರಿಗೆ ಇರುವ ಸಿಟ್ಟಿಗೂ ಕಾರಣವಿದೆ, ಅದನ್ನು ಮರೆಯಬಾರದು. ಲಿನಕ್ಸ್ ಲೋಕದಲ್ಲಿ ಗ್ನೋಮ್ ಪರಿಸರಕ್ಕೆ ತಂತ್ರಾಂಶ ಬರೆಯುವ ಹಲವರು 2019ರಲ್ಲಿ ಬಹಿರಂಗ ಪತ್ರವನ್ನೇ ಬರೆದರು. ನಮ್ಮ ತಂತ್ರಾಂಶಗಳಿಗೆ ಕೇಳದೆ ವೇಷ ಹಾಕಿ ಜನರಿಗೆ ಹಂಚಬೇಡಿ, ಗುಂಡಿ ಕಾಣದಂತಾದರೆ ಜನ ಬೈಯುವುದು ನಮ್ಮನ್ನು ಎಂಬುದು ಅದರ ಸಾರ. ಹಂಚುವವರಿಗೆ ಹೇಳಿದ್ದು ಸರಿ. ಆದರೆ ತನ್ನ ಪರದೆಯನ್ನು ತನಗೆ ಬೇಕಾದಂತೆ ಮಾಡಿಕೊಳ್ಳುವ ಹುಡುಗನಿಗೆ ಆ ಮಾತು ತಗಲುವುದಿಲ್ಲ ಎಂಬುದು ನನ್ನ ಪಕ್ಷ. ಅವನು ಕೆಡಿಸಿದರೆ ಕೆಡುವುದು ಅವನದೇ.

ಕಪ್ಪು ಪರದೆಯ ಬಗ್ಗೆಯೂ ಕೇಳಿದ್ದೀರಿ. 2019ರಲ್ಲಿ ಆಂಡ್ರಾಯ್ಡೂ ಐಫೋನೂ ಅದನ್ನು ಇಡೀ ಫೋನಿಗೆ ತಂದ ಮೇಲೆ ಎಲ್ಲರಿಗೂ ಅದೇ ಬೇಕು. ಬಿಳಿಯಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬಿಳಿ ಮಾಡಿದರೆ ಮುಗಿಯಿತು ಎಂದುಕೊಳ್ಳುವವರು ಚಂದ್ರಕಾಳಿ ಸೀರೆಯನ್ನು ನೋಡಬೇಕು. ಕರಿ ಒಡಲಿನ ಮೇಲೆ ಯಾವ ಬಣ್ಣದ ಎಳೆ ಉರಿಯುತ್ತದೆ, ಯಾವುದು ಮುಳುಗುತ್ತದೆ ಎಂದು ಕಸೂತಿ ಹಾಕುವ ಹೆಂಗಸರಿಗೆ ಗೊತ್ತು. ಬಿಳಿಯ ಮೇಲೆ ಚೆಂದವಿದ್ದ ಕಡುನೀಲಿ ಅಲ್ಲಿ ಕಾಣಿಸುವುದೇ ಇಲ್ಲ. ಆದ್ದರಿಂದ ಹುಡುಗನಿಗೆ ಬಣ್ಣಗಳನ್ನು ಕೆಲಸದ ಹೆಸರಿನಿಂದ ಕರೆಯಲು ಹೇಳಿ. ‘ಕೆಂಪು’ ಎಂದು ಬರೆದಿಡದೆ ‘ಎಚ್ಚರಿಕೆಯ ಬಣ್ಣ’, ‘ಒಡಲಿನ ಬಣ್ಣ’, ‘ದಡಿಯ ಬಣ್ಣ’ ಎಂದು ಒಂದೇ ಜಾಗದಲ್ಲಿ ಪಟ್ಟಿ ಮಾಡಿಟ್ಟು, ಉಳಿದೆಡೆ ಆ ಹೆಸರನ್ನೇ ಬಳಸಲಿ. ಹಗಲಿಗೆ ಒಂದು ಪಟ್ಟಿ, ರಾತ್ರಿಗೆ ಒಂದು ಪಟ್ಟಿ, ಸ್ಕಿನ್ ಒಂದೇ. ಕೆಂಪು ಹಸಿರುಗಳ ಭೇದ ಕಾಣದ ಗಂಡಸರು ಅಪರೂಪವೇನಲ್ಲ, ಅದಕ್ಕೆ ಬಣ್ಣದ ಜತೆ ಒಂದು ಗುರುತೂ ಇರಲಿ.

ಕರೆಂಟ್ ಬಂತು. ಪಕ್ಕದ ಮನೆಯ ಮಗ್ಗ ಶುರುವಾಯಿತು, ಇನ್ನು ಐದು ನಿಮಿಷಕ್ಕೆ ಇಡೀ ಓಣಿ ಹೊಡೆದುಕೊಳ್ಳಲು ಹತ್ತುತ್ತದೆ. ನಿಮ್ಮ ಹುಡುಗ ಬರೆದ ಗುಂಡಿಗಳ ಚಿತ್ರ ನೋಡಬೇಕೆಂಬ ಆಸೆ ನನಗಿದೆ. ಬರುವ ರವಿವಾರ ಅವನನ್ನು ಕರೆದುಕೊಂಡು ಬನ್ನಿ. ಕಾಕಾನ ಹಳೆಯ ನಕ್ಷೆಗಳ ಗಂಟು ಅಟ್ಟದ ಮೇಲಿದೆ, ಇಳಿಸಿಟ್ಟಿರುತ್ತೇನೆ. ಬರುತ್ತ ಮಹಾಲಿಂಗಪುರದಲ್ಲಿ ಒಂದು ಪೆಂಟಿ ಬೆಲ್ಲ ತರುವುದನ್ನು ಮರೆಯಬೇಡಿ, ಹೋದ ಸಲ ಮರೆತಿರಿ.



ಇಂತಿ ನಿಮ್ಮ,
ಬನಹಟ್ಟಿಯ ಗೆಳೆಯ